ಆಲೂಗಡ್ಡೆ ಚಿಪ್ಸ್‌ಗೆ ಮಾರ್ಕ್ಸ್ ಹಾಕುವುದು ಹೇಗೆ?

ಮೊದಲು ನನ್ನದೇ ಒಂದು ಎಡವಟ್ಟು ಹೇಳಿಬಿಡುತ್ತೇನೆ. ಒಂದು ಸಂಜೆ ಆರು ಬಟ್ಟಲಲ್ಲಿ ಆರು ಬಗೆಯ ಚಿಪ್ಸ್ ಇಟ್ಟುಕೊಂಡು ಮಾರ್ಕ್ಸ್ ಹಾಕುತ್ತಾ ಕೂತಿದ್ದೆ. ಬಟ್ಟಲು ತುಂಬಿಸಿ ಕೊಟ್ಟವಳು ನನ್ನ ತಂಗಿ. ಎರಡನೆಯ ಬಟ್ಟಲಿಗೆ 7 ಕೊಟ್ಟು, "ಹದವಾದ ಹುಳಿ, ಒಳ್ಳೆ ಗರಿ" ಅಂತ ಬರೆದೆ. ಐದನೆಯದಕ್ಕೆ 4. ಪಕ್ಕದಲ್ಲಿ "ಸಪ್ಪೆ, ಬರೀ ಎಣ್ಣೆ" ಅಂತ ಷರಾ. ಎಲ್ಲ ಮುಗಿದ ಮೇಲೆ ತಂಗಿ ನಗುತ್ತಾ ಹೇಳಿದಳು, "ಅಣ್ಣಾ, ಅವೆರಡೂ ಒಂದೇ ಪ್ಯಾಕೆಟ್‌ನವು."

ಆಗಿದ್ದೇನು ಅಂದರೆ, ನಾಲ್ಕನೆಯ ಬಟ್ಟಲಲ್ಲಿ ಮೆಣಸಿನಕಾಯಿ ಚಿಪ್ಸ್ ಇತ್ತು. ನಾಲಿಗೆ ಉರಿದು ಹೋಗಿತ್ತು. ಅದರ ಹಿಂದೆ ಬಂದದ್ದು ಏನೇ ಆಗಿದ್ದರೂ ಸಪ್ಪೆಯೇ. ನಾನು ಅಳೆದದ್ದು ಚಿಪ್ಸ್‌ನ್ನಲ್ಲ, ನನ್ನ ಉರಿಯುವ ನಾಲಿಗೆಯನ್ನು.

ಹಾಗಾಗಿ ಈ ಕೆಲಸದಲ್ಲಿ ಅರ್ಧ ಭಾಗ ಚಿಪ್ಸ್ ತಿನ್ನುವುದು, ಇನ್ನರ್ಧ ನಮ್ಮಿಂದ ನಮ್ಮನ್ನೇ ಕಾಪಾಡಿಕೊಳ್ಳುವುದು. ಪ್ಯಾಕೆಟ್‌ನ ಬಣ್ಣ, ಹೊಟ್ಟೆಯ ಹಸಿವು, ಹಿಂದಿನ ತುತ್ತು ಎಲ್ಲವೂ ಸೇರಿ ನಮ್ಮ ಕೈಯಲ್ಲಿ ಮಾರ್ಕ್ಸ್ ಬರೆಸುತ್ತವೆ. ಇವೆಲ್ಲಕ್ಕಿಂತ ದೊಡ್ಡ ಮೋಸ ಮೊದಲ ಚಿಪ್ಸ್‌ನದು. ಹಸಿದ ಬಾಯಿಗೆ ಮೊದಲ ಚಿಪ್ಸ್ ಯಾವತ್ತೂ ಚೆನ್ನಾಗಿಯೇ ಇರುತ್ತದೆ. ನಾನು ತೀರ್ಪು ಬರೆಯುವುದು ಹತ್ತನೆಯ ಚಿಪ್ಸ್ ತಿಂದ ಮೇಲೆ.

ಕೂರುವ ಮೊದಲು

ಪ್ರತಿ ಬಗೆಯದ್ದೂ ಎರಡು ಪ್ಯಾಕೆಟ್ ತನ್ನಿ. ಸಾಧ್ಯವಾದರೆ ಎರಡರ ಮೇಲೂ ಒಂದೇ ಬ್ಯಾಚ್ ನಂಬರ್ ಇರಲಿ. ಒಂದು ತಿನ್ನಲಿಕ್ಕೆ. ಇನ್ನೊಂದನ್ನು ಒಡೆಯದೆ ಹಾಗೇ ಇಡಿ, ಪ್ಯಾಕೆಟ್ ಪರೀಕ್ಷೆಗೆ ಬೇಕಾಗುತ್ತದೆ. ಒಂದು ಕೂರಿಕೆಗೆ ನಾಲ್ಕೈದು ಬಗೆ ಸಾಕು. ಅದಕ್ಕಿಂತ ಜಾಸ್ತಿ ಆದರೆ ಉಪ್ಪು, ಎಣ್ಣೆ ಸೇರಿ ನಾಲಿಗೆ ಮರಗಟ್ಟಿದ ಹಾಗಾಗುತ್ತದೆ.

ತುಂಬ ಹಸಿದಿರುವಾಗಲೂ ಬೇಡ, ಹೊಟ್ಟೆ ಬಿರಿಯೆ ತಿಂದ ಮೇಲೂ ಬೇಡ. ಹಲ್ಲುಜ್ಜಿ, ಕಾಫಿ ಕುಡಿದು ಅಥವಾ ಸಿಗರೇಟು ಸೇದಿ ಅರ್ಧ ಗಂಟೆಯಾದರೂ ಕಳೆದಿರಲಿ. ಘಮಘಮ ಸೋಪಿನಲ್ಲಿ ಕೈ ತೊಳೆದು ಬಂದರೂ ತೊಂದರೆಯೇ, ಚಿಪ್ಸ್ ಬಾಯಿಗೆ ಹೋಗುವ ಮುಂಚೆ ಮೂಗಿಗೆ ಸೋಪು ಬರುತ್ತದೆ.

ಪ್ಯಾಕೆಟ್ ಒಡೆಯುವ ಕೆಲಸವನ್ನು ಇನ್ನೊಬ್ಬರಿಗೆ ಬಿಡಿ. ಎಲ್ಲವೂ ಒಂದೇ ಥರದ ಬಿಳಿ ಬಟ್ಟಲುಗಳು. ಅವುಗಳ ಮೇಲೆ 1, 2, 3 ಅಂತ ಬರೆಯಬೇಡಿ. ಒಂದು ಅಂದರೆ ಮೊದಲನೆಯದು, ಮೊದಲನೆಯದು ಅಂದರೆ ಒಳ್ಳೆಯದು ಅಂತ ತಲೆಯಲ್ಲಿ ಎಲ್ಲೋ ಕೂತಿರುತ್ತದೆ. ರುಚಿ ನೋಡುವುದನ್ನೇ ಕಸುಬು ಮಾಡಿಕೊಂಡವರು 472, 815 ಹೀಗೆ ಅರ್ಥವಿಲ್ಲದ ಮೂರಂಕಿ ಸಂಖ್ಯೆ ಹಾಕುತ್ತಾರೆ. ಸುಮ್ನೆ ಬಾಯಿಗೆ ಬಂದ ಸಂಖ್ಯೆ ಬರೆದರಾಯಿತು. ನಾಲ್ಕು ಜನ ಕೂತಿದ್ದರೆ ನಾಲ್ವರಿಗೂ ಬೇರೆ ಬೇರೆ ಕ್ರಮದಲ್ಲಿ ಬಟ್ಟಲು ಹೋಗಲಿ. ಒಬ್ಬರ ಮುಖ ಇನ್ನೊಬ್ಬರು ನೋಡದಿದ್ದರೆ ಇನ್ನೂ ಒಳ್ಳೆಯದು. "ಉಮ್" ಅಂತ ಒಬ್ಬರು ಸದ್ದು ಮಾಡಿದರೆ ಸಾಕು, ಉಳಿದ ಮೂವರ ಮಾರ್ಕ್ಸ್ ಒಂದೊಂದು ಮೇಲೇರುತ್ತದೆ.

ಸಪ್ಪೆಯಿಂದ ಶುರುಮಾಡಿ. ಬರೀ ಉಪ್ಪಿನದು ಮೊದಲು, ಆಮೇಲೆ ಚೀಸ್, ಈರುಳ್ಳಿ, ಟೊಮೆಟೊ. ವಿನೆಗರ್ ಅದರ ನಂತರ. ಖಾರದ್ದು ಕಟ್ಟಕಡೆಗೆ. ಈ ಗುಂಪುಗಳ ಕ್ರಮ ಯಾರಿಗೂ ಬದಲಾಗುವುದಿಲ್ಲ, ಗುಂಪಿನ ಒಳಗೆ ಮಾತ್ರ ಹಿಂದೆಮುಂದೆ ಮಾಡಿ. ನಡುನಡುವೆ ಬಾಯಿ ಮುಕ್ಕಳಿಸಲು ಉಗುರುಬೆಚ್ಚಗಿನ ನೀರು ಇರಲಿ. ತಣ್ಣೀರು ಎಣ್ಣೆಯ ಜಿಡ್ಡನ್ನು ಬಿಡಿಸುವುದಿಲ್ಲ, ಗಟ್ಟಿ ಮಾಡುತ್ತದೆ. ಖಾರಕ್ಕೆ ಮಾತ್ರ ನೀರು ಸಾಲದು. ಮೆಣಸಿನಕಾಯಿಯ ಉರಿಗೆ ಕಾರಣವಾದ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ. ಹಾಲು ಕುಡಿಯಿರಿ, ಹಾಲಿನಲ್ಲಿರುವ ಕೇಸಿನ್ ಅದನ್ನು ಹಿಡಿದು ತೊಳೆದುಕೊಂಡು ಹೋಗುತ್ತದೆ.

ಮಾರ್ಕ್ಸ್ ಎಷ್ಟಕ್ಕೆ? ನಾನು 9ಕ್ಕೆ ಹಾಕುತ್ತೇನೆ. 1 ಅಂದರೆ ಬಾಯಿಗಿಡಲಾಗದು, 5 ಅಂದರೆ ಇಷ್ಟವೂ ಇಲ್ಲ ಬೇಸರವೂ ಇಲ್ಲ, 9 ಅಂದರೆ ಬಲು ಇಷ್ಟ. ಈ ಒಂಬತ್ತರ ಅಳತೆ ಹುಟ್ಟಿದ್ದು 1940ರ ದಶಕದ ಕೊನೆಯಲ್ಲಿ, ಅಮೆರಿಕದ ಸೈನಿಕರಿಗೆ ಯಾವ ಊಟ ಹಿಡಿಸುತ್ತದೆ ಅಂತ ತಿಳಿಯಲು. ಇವತ್ತಿಗೂ ತಿನಿಸಿನ ಕಂಪನಿಗಳು ಅದನ್ನೇ ಬಳಸುತ್ತವೆ. ಆದರೆ ಬರೀ ಸಂಖ್ಯೆ ಬರೆದು ಬಿಡಬೇಡಿ. ಇಷ್ಟ ಆಯಿತೋ ಇಲ್ಲವೋ ಅನ್ನುವುದು ಒಂದು ಮಾತು. ಹೇಗಿದೆ ಅನ್ನುವುದು ಬೇರೆ ಮಾತು. ಎರಡಕ್ಕೂ ಹಾಳೆಯಲ್ಲಿ ಬೇರೆ ಬೇರೆ ಜಾಗ ಕೊಡಿ.

ಕಣ್ಣಿಗೆ ಕೆಲಸ

ಬಟ್ಟಲಲ್ಲಿರುವುದನ್ನು ಬಿಳಿ ತಟ್ಟೆಗೆ ಸುರಿದು ಹರಡಿ. ಇಡೀ ಚಿಪ್ಸ್ ಎಷ್ಟು, ಚೂರು ಎಷ್ಟು, ಪುಡಿ ಎಷ್ಟು ನೋಡಿ. ಪುಡಿ ಜಾಸ್ತಿ ಇದ್ದರೆ ಅದು ಚಿಪ್ಸ್‌ನ ತಪ್ಪೇ ಆಗಿರಬೇಕಿಲ್ಲ, ಸಾಗಿಸಿದವರದ್ದೋ ನಿಮ್ಮ ಚೀಲದ್ದೋ ಇರಬಹುದು. ಅದಕ್ಕೇ ಎರಡನೆಯ ಪ್ಯಾಕೆಟ್ ಇರುವುದು.

ಈಗ ಒಂದನ್ನು ಎತ್ತಿ ಬೆಳಕಿಗೆ ಹಿಡಿಯಿರಿ. ಒಳ್ಳೆಯ ಚಿಪ್ಸ್ ತಿಳಿ ಹೊಂಬಣ್ಣಕ್ಕಿರುತ್ತದೆ, ಮಧ್ಯದಲ್ಲಿ ಸ್ವಲ್ಪ ಬೆಳಕು ದಾಟಿ ಬರುತ್ತದೆ. ಅಲ್ಲಲ್ಲಿ ಗುಳ್ಳೆ ಎದ್ದಿರುತ್ತದೆ. ಆಲೂಗಡ್ಡೆಯೊಳಗಿನ ನೀರು ಬಿಸಿ ಎಣ್ಣೆಯಲ್ಲಿ ಆವಿಯಾಗಿ ಹೊರಗೆ ನುಗ್ಗುವಾಗ ಉಬ್ಬಿದ ಗುರುತು ಅದು. ಸಣ್ಣ ಗುಳ್ಳೆ ಚೆಂದವೇ. ದೊಡ್ಡ ಗುಳ್ಳೆ ಒಡೆದು ಒಳಗೆ ಎಣ್ಣೆ ತುಂಬಿಕೊಂಡಿದ್ದರೆ ಮಾರ್ಕ್ಸ್ ಕಳೆಯಿರಿ.

ಅಂಚು ಕಂದಾಗಿದೆಯಾ? ಬರೀ ಜಾಸ್ತಿ ಕರಿದದ್ದಕ್ಕೆ ಹಾಗಾಗಿದೆ ಅಂದುಕೊಳ್ಳಬೇಡಿ. ಆಲೂಗಡ್ಡೆಯನ್ನು ತುಂಬ ತಣ್ಣಗಿನ ಜಾಗದಲ್ಲಿಟ್ಟರೆ ಅದರ ಪಿಷ್ಟ ಸಕ್ಕರೆಯಾಗಿ ಬದಲಾಗುತ್ತದೆ. ಕರಿಯುವಾಗ ಆ ಸಕ್ಕರೆ, ಅಮೈನೋ ಆಮ್ಲಗಳ ಜೊತೆ ಸೇರಿ ಕಂದು ಬಣ್ಣ ಕೊಡುತ್ತದೆ. ಅಕ್ರಿಲಮೈಡ್ ಅನ್ನುವ ಬೇಡದ ವಸ್ತುವೂ ಆಗಲೇ ಹುಟ್ಟುತ್ತದೆ. ಕರಿದ, ಸುಟ್ಟ ತಿನಿಸಿನಲ್ಲಿ ಇದು ಇದೆ ಅಂತ ಸ್ವೀಡನ್ನಿನ ವಿಜ್ಞಾನಿಗಳು 2002ರಲ್ಲಿ ಹೇಳಿದಾಗ ಜಗತ್ತೆಲ್ಲ ಸುದ್ದಿಯಾಯಿತು. ಈಗ ಐರೋಪ್ಯ ಒಕ್ಕೂಟ ಚಿಪ್ಸ್‌ಗೆ ಕಿಲೋಗೆ 750 ಮೈಕ್ರೋಗ್ರಾಂ ಅನ್ನುವ ಮಟ್ಟ ಇಟ್ಟಿದೆ, ಅದನ್ನು ದಾಟಿದರೆ ತಯಾರಕರು ತಮ್ಮ ವಿಧಾನ ತಿದ್ದಿಕೊಳ್ಳಬೇಕು. ನಮ್ಮ ಲೆಕ್ಕಕ್ಕೆ ಇಷ್ಟು ಸಾಕು: ಕಡು ಕಂದು ಬಣ್ಣದ್ದು ಕಹಿ, ಅದನ್ನು ಪಕ್ಕಕ್ಕಿಡಿ. ಹಸಿರು ಅಂಚಿನದೂ ಹಾಗೆಯೇ. ಆಲೂಗಡ್ಡೆಗೆ ಬಿಸಿಲು, ಬೆಳಕು ತಾಗಿತ್ತು ಅಂತ ಅರ್ಥ. ತಟ್ಟೆಯಲ್ಲಿ ಒಂದು ಸಿಕ್ಕರೆ ಕ್ಷಮಿಸಬಹುದು. ನಾಲ್ಕೈದು ಸಿಕ್ಕರೆ ಕಾರ್ಖಾನೆಯಲ್ಲಿ ಆರಿಸುವವರ ಕಣ್ಣು ತೂಕಡಿಸುತ್ತಿತ್ತು.

ಕೊನೆಗೆ ಮಸಾಲೆ ಪುಡಿ. ಹತ್ತು ಚಿಪ್ಸ್ ಸಾಲಾಗಿಟ್ಟು ನೋಡಿ, ತಿರುಗಿಸಿಯೂ ನೋಡಿ. ಕರಿದ ಚಿಪ್ಸ್ ಉರುಳುವ ದೊಡ್ಡ ಡ್ರಮ್ಮಿನಲ್ಲಿ ಹೋಗುವಾಗ ಮೇಲಿನಿಂದ ಪುಡಿ ಉದುರಿಸುತ್ತಾರೆ. ಚಿಪ್ಸ್ ಬಿಸಿಯಾಗಿದ್ದು ಮೇಲ್ಮೈಯಲ್ಲಿ ಎಣ್ಣೆ ಪಸೆ ಇದ್ದರೆ ಪುಡಿ ಹಿಡಿಯುತ್ತದೆ, ಆರಿದ್ದರೆ ಉದುರಿ ಪ್ಯಾಕೆಟ್ ತಳ ಸೇರುತ್ತದೆ. ಒಂದು ಚಿಪ್ಸ್ ಕೆಂಪು, ಪಕ್ಕದ್ದು ಬೋಳು ಅಂದರೆ ನಿಮ್ಮ ರುಚಿಯ ತೀರ್ಪೂ ತುತ್ತಿಗೊಂದಾಗುತ್ತದೆ.

ಗರಿ

ನನ್ನ ಕೇಳಿದರೆ ಚಿಪ್ಸ್‌ನ ಜೀವವೇ ಇದು. ರುಚಿ ಸುಮಾರಾದರೂ ಗರಿಗರಿ ಇದ್ದರೆ ಪ್ಯಾಕೆಟ್ ಖಾಲಿಯಾಗುತ್ತದೆ. ಮೆತ್ತಗಾದದ್ದಕ್ಕೆ ಎಂಥ ಮಸಾಲೆ ಹಾಕಿದರೂ ಯಾರೂ ಎರಡನೆಯದನ್ನು ಎತ್ತುವುದಿಲ್ಲ.

ಲೆಕ್ಕ ನೋಡಿ. ಹಸಿ ಆಲೂಗಡ್ಡೆಯ ತೂಕದಲ್ಲಿ ಸುಮಾರು 80 ಭಾಗ ನೀರೇ. ಅದನ್ನು ಒಂದೂವರೆ ಮಿಲಿಮೀಟರಿಗಿಂತ ತೆಳ್ಳಗೆ ಸೀಳಿ, 180 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಎಣ್ಣೆಯಲ್ಲಿ ಎರಡು ಮೂರು ನಿಮಿಷ ಕರಿದರೆ ನೀರು 100ಕ್ಕೆ 2ಕ್ಕಿಂತ ಕೆಳಗಿಳಿಯುತ್ತದೆ. ನೀರು ಬಿಟ್ಟುಹೋದ ಜಾಗಕ್ಕೆ ಎಣ್ಣೆ ಬರುತ್ತದೆ. ಕೈಯಲ್ಲಿರುವ ಚಿಪ್ಸ್‌ನ ಮೂರನೆಯ ಒಂದು ಭಾಗ ಎಣ್ಣೆಯೇ. ಉಳಿದದ್ದು ಒಣಗಿದ ಗೋಡೆಗಳು, ಗಾಳಿ ತುಂಬಿದ ಪುಟ್ಟ ಪುಟ್ಟ ಕೋಣೆಗಳು. ಕಚ್ಚಿದಾಗ ಈ ಗೋಡೆಗಳು ಒಂದರ ಹಿಂದೆ ಒಂದು ಒಡೆಯುವುದೇ ಗರಿ. ಸ್ವಲ್ಪ ತೇವ ಹೀರಿಕೊಂಡರೂ ಗೋಡೆ ಬಾಗುತ್ತದೆ, ಒಡೆಯುವುದಿಲ್ಲ.

ಪರೀಕ್ಷೆ ಹೀಗೆ. ಒಂದು ಚಿಪ್ಸ್‌ನ್ನು ಎರಡೂ ಕೈಯ ಬೆರಳಲ್ಲಿ ಹಿಡಿದು ಕಿವಿಯ ಹತ್ತಿರ ತಂದು ನಿಧಾನಕ್ಕೆ ಬಗ್ಗಿಸಿ. ಹೊಸದಾದರೆ ಬಗ್ಗುವ ಮುಂಚೆಯೇ "ಟಪ್" ಅಂತ ಮುರಿಯುತ್ತದೆ. ಹಳತಾದರೆ ಒಂದಿಷ್ಟು ಬಾಗಿ, ಆಮೇಲೆ ಮನಸ್ಸಿಲ್ಲದ ಮನಸ್ಸಿನಿಂದ ಮುರಿಯುತ್ತದೆ. ಮುರಿದ ಅಂಚು ಚೂಪಾಗಿದೆಯೋ ಮೊಂಡಾಗಿದೆಯೋ ಬೆರಳಲ್ಲಿ ಸವರಿ ನೋಡಿ.

ಆಮೇಲೆ ಬಾಯಿಗೆ. ಮುಂದಿನ ಹಲ್ಲಲ್ಲಿ ಒಂದು ಕಡಿತ, ನಂತರ ದವಡೆ ಹಲ್ಲಿಗೆ. ಮುಂದಿನ ಹಲ್ಲು ಎಷ್ಟು ಬಲ ಹಾಕಬೇಕಾಯಿತು ಅನ್ನುವುದು ಗಡಸುತನ. ಎಷ್ಟು ಚೂರಾಗಿ ಸಿಡಿಯಿತು, ಎಂಥ ಸದ್ದು ಬಂತು ಅನ್ನುವುದು ಗರಿ. ಎರಡೂ ಒಂದೇ ಅಲ್ಲ. ಗಡಸಾಗಿದ್ದೂ ಗರಿ ಇಲ್ಲದ ಚಿಪ್ಸ್ ಇರುತ್ತದೆ, ಅದು ರಟ್ಟು ಕಚ್ಚಿದ ಹಾಗೆ. ಐದಾರು ಸಲ ಅಗಿದ ಮೇಲೆ ಏನಾಗುತ್ತದೆ ಗಮನಿಸಿ. ಒಳ್ಳೆಯದು ಕರಗಿ ಗಂಟಲಿಗಿಳಿಯುತ್ತದೆ. ಕೆಟ್ಟದ್ದು ಹಿಟ್ಟಾಗಿ ದವಡೆ ಹಲ್ಲಿನ ಸಂದಿಗೆ ಮೆತ್ತಿಕೊಳ್ಳುತ್ತದೆ, ಉಗುರಲ್ಲಿ ತೆಗೆಯಬೇಕು.

ಸದ್ದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮ್ಯಾಸಿಮಿಲಿಯಾನೊ ಝಾಂಪಿನಿ, ಚಾರ್ಲ್ಸ್ ಸ್ಪೆನ್ಸ್ ಅನ್ನುವ ಇಬ್ಬರು ಸಂಶೋಧಕರು 2004ರಲ್ಲಿ ಒಂದು ಮಜವಾದ ಪ್ರಯೋಗ ಪ್ರಕಟಿಸಿದರು. ಜನರಿಗೆ ಪ್ರಿಂಗಲ್ಸ್ ಕಚ್ಚಲು ಕೊಟ್ಟು, ಕಚ್ಚುವ ಸದ್ದನ್ನೇ ಹೆಡ್‌ಫೋನಿನಲ್ಲಿ ಅವರಿಗೆ ಕೇಳಿಸಿದರು. ಸದ್ದು ಜೋರು ಮಾಡಿದಾಗ, ಅಥವಾ ಅದರಲ್ಲಿನ ಚೂಪು ಸ್ವರಗಳನ್ನು ಮಾತ್ರ ಏರಿಸಿದಾಗ, ಅದೇ ಚಿಪ್ಸ್ ಹೆಚ್ಚು ಗರಿ, ಹೆಚ್ಚು ಹೊಸದು ಅಂದರು ಜನ. ಈ ಕೆಲಸಕ್ಕೆ 2008ರಲ್ಲಿ ಇಗ್ ನೊಬೆಲ್ ಬಂತು, ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ಪ್ರಶಸ್ತಿ ಅದು. ನಮಗೆ ಇದರಿಂದ ಸಿಗುವ ಪಾಠ ಸರಳ. ಟಿವಿ ಆರಿಸಿ. ಫ್ಯಾನ್ ಜೋರಾಗಿದ್ದರೆ ಅದನ್ನೂ ಆರಿಸಿ. ಗದ್ದಲದಲ್ಲಿ ತಿಂದ ಚಿಪ್ಸ್‌ಗೂ ಮೌನದಲ್ಲಿ ತಿಂದ ಚಿಪ್ಸ್‌ಗೂ ಒಂದೇ ಅಳತೆ ಹಿಡಿಯಬೇಡಿ.

ಇನ್ನೊಂದು ಮಾತು. ಜಾತಿ ನೋಡಿ ಅಳೆಯಿರಿ. ತೆಳ್ಳಗಿನ ಚಿಪ್ಸ್ ಸಿಡಿಯಬೇಕು. ಒಂದೊಂದು ಹಂಡೆಯಾಗಿ ಕರಿಯುವ ದಪ್ಪ ಚಿಪ್ಸ್, ಕೆಟಲ್ ಚಿಪ್ಸ್ ಅನ್ನುತ್ತಾರಲ್ಲ, ಅದು ನಿಧಾನವಾಗಿ ಬೇಯುವುದರಿಂದ ಗಡಸಾಗಿಯೇ ಇರುತ್ತದೆ, ಮಡಚಿಕೊಂಡೂ ಇರುತ್ತದೆ. ಅದು ಅದರ ಗುಣ, ದೋಷವಲ್ಲ. ಅಲೆ ಅಲೆ ಕತ್ತರಿಸಿದ್ದು ಬೇಗ ಮುರಿಯುವುದಿಲ್ಲ, ಚಟ್ನಿಯೋ ಸಾಸೋ ಎತ್ತಲು ಅನುಕೂಲ, ಏಣಿನ ಸಂದಿಯಲ್ಲಿ ಮಸಾಲೆಯೂ ಜಾಸ್ತಿ ಹಿಡಿಯುತ್ತದೆ. ಇನ್ನು ಡಬ್ಬದಲ್ಲಿ ಒಂದರ ಮೇಲೊಂದು ಜೋಡಿಸಿಟ್ಟ ಬಗೆ. ಅದು ಸೀಳಿದ ಆಲೂಗಡ್ಡೆಯೇ ಅಲ್ಲ, ಒಣಗಿದ ಆಲೂಗಡ್ಡೆಯ ಜೊತೆ ಬೇರೆ ಹಿಟ್ಟು ಕಲಸಿ ಅಚ್ಚು ಹಾಕಿದ್ದು. ಪ್ರಿಂಗಲ್ಸ್‌ನಲ್ಲಿ ಆಲೂಗಡ್ಡೆ 100ಕ್ಕೆ 42ರಷ್ಟು ಮಾತ್ರ, ಹಾಗಾದರೆ ಅದು ಆಲೂಗಡ್ಡೆ ಚಿಪ್ಸ್ ಹೌದೋ ಅಲ್ಲವೋ ಅಂತ ತೆರಿಗೆ ವಿಷಯದಲ್ಲಿ ಬ್ರಿಟನ್ನಿನ ಕೋರ್ಟಿನವರೆಗೂ ಹೋಗಿತ್ತು. 2009ರಲ್ಲಿ ಮೇಲ್ಮನವಿ ಕೋರ್ಟು ಹೌದು, ತೆರಿಗೆ ಕಟ್ಟಿ ಅಂದಿತು. ತೆರಿಗೆಯವರು ಏನೇ ಅನ್ನಲಿ, ರುಚಿ ನೋಡುವಾಗ ಇದನ್ನು ಸೀಳಿದ ಚಿಪ್ಸ್ ಪಕ್ಕ ಇಡಬೇಡಿ.

ಎಣ್ಣೆಗೆ ಟಿಶ್ಯೂ ಪರೀಕ್ಷೆ ಸಾಕು. ಒಂದೇ ಗಾತ್ರದ ಚಿಪ್ಸ್ ಆರಿಸಿ, ಎರಡು ಟಿಶ್ಯೂ ಮಧ್ಯೆ ಇಟ್ಟು ಹತ್ತು ಸೆಕೆಂಡು ಅಂಗೈಯಲ್ಲಿ ಒತ್ತಿ. ಕಲೆಯ ಅಗಲ ಹೋಲಿಸಿ. ಎಲ್ಲ ಚಿಪ್ಸ್‌ನಲ್ಲೂ ಎಣ್ಣೆ ಇದ್ದೇ ಇದೆ. ಕೆಲವದರಲ್ಲಿ ಅದು ಒಳಗೆ ಕೂತಿರುತ್ತದೆ, ಕೆಲವದರಲ್ಲಿ ಮೇಲೆ ತೇಲುತ್ತದೆ. ತುಟಿಗೆ ಹತ್ತುವುದು ಈ ಎರಡನೆಯದು.

ರುಚಿ: ನಾಲಿಗೆ ಬೇರೆ, ಮೂಗು ಬೇರೆ

ಮಸಾಲೆ ಜಾಸ್ತಿ ಇರುವ ಬದಿಯನ್ನು ನಾಲಿಗೆಗೆ ತಾಗುವಂತೆ ಇಟ್ಟುಕೊಳ್ಳಿ. ಕಚ್ಚಬೇಡಿ. ಮೂರು ಎಣಿಸಿ. ಮೊದಲು ಉಪ್ಪು ಬರುತ್ತದೆ, ಪುಡಿಪುಡಿಯಾದ ಉಪ್ಪಾದರೆ ತಕ್ಷಣ ಕರಗುತ್ತದೆ, ಹರಳು ದಪ್ಪವಿದ್ದರೆ ತಡವಾಗಿ, ಚುಚ್ಚಿದ ಹಾಗೆ. ಹಿಂದೆಯೇ ಹುಳಿ. ಅದರ ಹಿಂದೆ ಸಿಹಿ. ಚಿಪ್ಸ್‌ನಲ್ಲಿ ಸಿಹಿ ಎಲ್ಲಿಂದ ಅಂತೀರಾ? ಹೆಚ್ಚಿನ ಮಸಾಲೆ ಪುಡಿಗಳಲ್ಲಿ ಸಕ್ಕರೆ ಇರುತ್ತದೆ. ಚೀಸ್ ಬಗೆಯಲ್ಲಿ ಹಾಲಿನ ಪುಡಿ ಇರುತ್ತದೆ. ಪುಡಿಯ ಗಾತ್ರಕ್ಕೆ ಮಾಲ್ಟೋಡೆಕ್ಸ್‌ಟ್ರಿನ್ ಅನ್ನುವ ಪಿಷ್ಟದ ಪುಡಿಯೂ ಇರುತ್ತದೆ, ಅದು ಅಷ್ಟೇನೂ ಸಿಹಿಯಲ್ಲ.

ಈಗ ಕಚ್ಚಿ. ಆಲೂಗಡ್ಡೆ ಈಗ ಬರಬೇಕು. ಬರದಿದ್ದರೆ ಬರೆದುಕೊಳ್ಳಿ.

ಎರಡನೆಯ ಚಿಪ್ಸ್‌ಗೆ ಮೂಗು ಬಿಗಿಯಾಗಿ ಹಿಡಿದು ತಿನ್ನಿ. ಈರುಳ್ಳಿ ಚಿಪ್ಸ್ ಆಗಿದ್ದರೆ ಈರುಳ್ಳಿಯೇ ಗೊತ್ತಾಗುವುದಿಲ್ಲ. ಉಪ್ಪು, ಹುಳಿ, ಸಿಹಿ, ಒಂದಿಷ್ಟು ಸಾರಿನಂಥ ಸವಿ, ಅಷ್ಟೇ. ಅಗಿಯುತ್ತಿರುವಾಗಲೇ ಮೂಗು ಬಿಡಿ. ಒಮ್ಮೆಗೇ ಬಾಗಿಲು ತೆಗೆದ ಹಾಗೆ ಈರುಳ್ಳಿ ನುಗ್ಗುತ್ತದೆ. ನಾವು ರುಚಿ ಅನ್ನುವುದರಲ್ಲಿ ದೊಡ್ಡ ಪಾಲು ಗಂಟಲ ಹಿಂದಿನಿಂದ ಮೂಗಿಗೆ ಹೋಗುವ ವಾಸನೆ. ಇದನ್ನು ಮಾಡಿದರೆ ಯಾವುದು ಎಲ್ಲಿ ಎಡವಿದೆ ಗೊತ್ತಾಗುತ್ತದೆ. ಮೂಗು ಹಿಡಿದಾಗಲೇ ಬಾಯಿ ಬೇಸರಗೊಂಡರೆ ಉಪ್ಪು ಹುಳಿಯ ಹದ ತಪ್ಪಿದೆ. ಮೂಗು ಬಿಟ್ಟ ಮೇಲೂ ಏನೂ ಬರಲಿಲ್ಲ ಅಂದರೆ ಪರಿಮಳಕ್ಕೆ ಜಿಪುಣತನ ಮಾಡಿದ್ದಾರೆ, ಅಥವಾ ಹಳೆಯ ಪ್ಯಾಕೆಟ್.

ಆ ಸಾರಿನಂಥ ಸವಿಗೆ ಉಮಾಮಿ ಅಂತ ಹೆಸರು. ಜಪಾನಿನ ಕಿಕುನಾಯೆ ಇಕೆಡಾ 1908ರಲ್ಲಿ ಗ್ಲುಟಮೇಟ್ ಅದಕ್ಕೆ ಕಾರಣ ಅಂತ ಕಂಡುಹಿಡಿದರು. ಪ್ಯಾಕೆಟ್ ಹಿಂಬದಿಯಲ್ಲಿ 621 ಅಂತ ಕಂಡರೆ ಅದೇ ಇದು. ಪಕ್ಕದಲ್ಲೇ 627, 631 ಇದ್ದರೆ ಜೋಡಿ ಕೆಲಸ ನಡೆದಿದೆ: ಇವು ಗ್ಲುಟಮೇಟ್ ಜೊತೆ ಸೇರಿದಾಗ ಸವಿ ಎರಡನ್ನೂ ಕೂಡಿಸಿದ್ದಕ್ಕಿಂತ ಎಷ್ಟೋ ಪಟ್ಟು ಏರುತ್ತದೆ. ತಪ್ಪೇನಿಲ್ಲ, ಆದರೆ ಮುಖ್ಯ ರುಚಿ ಸೋತಿದ್ದನ್ನು ಮುಚ್ಚಲು ಇದನ್ನು ಸುರಿಯುವವರೂ ಇದ್ದಾರೆ. ಹಾಗಿದ್ದಾಗ ಟೊಮೆಟೊ, ಚೀಸ್, ಮೆಣಸು ಯಾವುದನ್ನು ತಿಂದರೂ ಕೊನೆಗೆ ಬಾಯಲ್ಲಿ ಒಂದೇ ಥರ ಉಳಿಯುತ್ತದೆ.

ವಿನೆಗರ್ ಚಿಪ್ಸ್ ಬಗ್ಗೆ ಒಂದಿಷ್ಟು ಜಾಸ್ತಿ ಹೇಳಬೇಕು, ಯಾಕೆಂದರೆ ಅದು ಮಾಡುವವರಿಗೆ ಕಷ್ಟದ್ದು. ಗರಿಗರಿ ಚಿಪ್ಸ್ ಮೇಲೆ ವಿನೆಗರ್ ಚಿಮುಕಿಸಿದರೆ ಮೆತ್ತಗಾಗುತ್ತದೆ. ಅದಕ್ಕೆ ಪುಡಿ ರೂಪದ ಸೋಡಿಯಂ ಡೈಅಸಿಟೇಟ್ ಹಾಕುತ್ತಾರೆ, ವಿನೆಗರ್‌ನ ಮೂಗು ಚುಚ್ಚುವ ಗುಣ ಅದರಿಂದ. ಜೊತೆಗೆ ಸಿಟ್ರಿಕ್ ಆಮ್ಲವೋ ಮ್ಯಾಲಿಕ್ ಆಮ್ಲವೋ ಇರುತ್ತದೆ. ಸಿಟ್ರಿಕ್ ಹುಳಿ ತಟ್ಟನೆ ಬಂದು ತಟ್ಟನೆ ಹೋಗುತ್ತದೆ, ನಿಂಬೆಯ ಹಾಗೆ. ಮ್ಯಾಲಿಕ್ ನಿಧಾನಕ್ಕೆ ಬಂದು ಹೆಚ್ಚು ಹೊತ್ತು ಕೂರುತ್ತದೆ. ಬರೀ ನಿಂಬೆಯಂಥ ಹುಳಿ ಇದ್ದು ಮೂಗಿಗೆ ಏನೂ ಏರದಿದ್ದರೆ ಅದು ವಿನೆಗರ್ ಅಲ್ಲ, ಹೆಸರಿಗೆ ಮಾತ್ರ.

ಅಂದಹಾಗೆ ಈ ಬಗೆಬಗೆ ರುಚಿಯ ಚಿಪ್ಸ್ ಅಷ್ಟೇನೂ ಹಳೆಯದಲ್ಲ. ಬ್ರಿಟನ್ನಿನ ಸ್ಮಿತ್ಸ್ ಕಂಪನಿಯ ಪ್ಯಾಕೆಟ್‌ನಲ್ಲಿ ಮೊದಲೆಲ್ಲ ನೀಲಿ ಕಾಗದದಲ್ಲಿ ಸುತ್ತಿದ ಉಪ್ಪು ಇರುತ್ತಿತ್ತು, ಬೇಕಾದವರು ಬಿಚ್ಚಿ ಉದುರಿಸಿಕೊಳ್ಳುವುದು. 1954ರಲ್ಲಿ ಐರ್ಲೆಂಡಿನ ಜೋ ಮರ್ಫಿ ಟೇಟೋ ಕಂಪನಿ ಶುರುಮಾಡಿದರು, ಚೀಸ್ ಮತ್ತು ಈರುಳ್ಳಿಯ ರುಚಿ ಬೆರೆಸಿದ ಚಿಪ್ಸ್ ಅಲ್ಲಿಂದ ಹೊರಟು ಎಲ್ಲ ಕಡೆ ಹಬ್ಬಿತು.

ಮುಂದಿನ ಕೆಲಸ, ಮಸಾಲೆ ಒರೆಸಿ ತಿನ್ನುವುದು. ಒಣ ಟಿಶ್ಯೂದಲ್ಲಿ ಎರಡೂ ಬದಿ ಚೆನ್ನಾಗಿ ಉಜ್ಜಿ, ಬೋಳು ಚಿಪ್ಸ್ ಬಾಯಿಗಿಡಿ. ಎಣ್ಣೆ ಹೊಸದೋ ಹಳೆಯದೋ, ಆಲೂಗಡ್ಡೆಗೆ ತನ್ನದೇ ರುಚಿ ಇದೆಯೋ ಇಲ್ಲಿ ಬಯಲಾಗುತ್ತದೆ. ಕಮಟು ವಾಸನೆ ಇದ್ದರೆ, ಅಂದರೆ ಹಳೆಯ ಪೇಂಟ್, ಒದ್ದೆ ರಟ್ಟು, ಮೇಣದ ಬಳಪದಂಥ ವಾಸನೆ, ಗಂಟಲಲ್ಲಿ ಕೆರೆತ, ಆಗ ಬೇರೆ ಯಾವ ಮಾರ್ಕ್ಸೂ ಲೆಕ್ಕಕ್ಕಿಲ್ಲ. ಸೊನ್ನೆ. ಖಾರ, ಬೆಳ್ಳುಳ್ಳಿ ಜೋರಾಗಿದ್ದರೆ ಕಮಟು ಅಡಗಿ ಕೂತಿರುತ್ತದೆ, ಅದಕ್ಕೇ ಈ ಒರೆಸುವ ಕೆಲಸ ತಪ್ಪಿಸಬೇಡಿ.

ಈಗ ಹತ್ತನೆಯದು

ಇಲ್ಲಿಯವರೆಗೆ ಮೂರು ನಾಲ್ಕು ತಿಂದಿರುತ್ತೀರಿ. ಹಾಳೆ ಮಡಚಿಟ್ಟು, ಯೋಚನೆ ಬಿಟ್ಟು, ಸಾಮಾನ್ಯವಾಗಿ ತಿನ್ನುವ ಹಾಗೆ ಹತ್ತರವರೆಗೆ ತಿನ್ನಿ. ಮೊದಲು ಚುರುಕು ಅನಿಸಿದ ಹುಳಿ ಈಗ ನಾಲಿಗೆ ತುದಿ ಸುಲಿದ ಹಾಗೆ ಮಾಡಿರಬಹುದು. ಮೊದಲು ಮೆಲು ಅನಿಸಿದ ಖಾರ ಈಗ ಮೇಲೇರಿ ನಿಂತಿರಬಹುದು, ಖಾರ ತುತ್ತಿನಿಂದ ತುತ್ತಿಗೆ ಕೂಡಿಕೊಳ್ಳುತ್ತಾ ಹೋಗುತ್ತದೆ. ಮೊದಲು ಸಪ್ಪೆ ಅನಿಸಿದ್ದು ಈಗ ಸರಿಯಾಗಿ ಕಾಣಬಹುದು. ಇಲ್ಲಿ ಮೂವತ್ತು ಸೆಕೆಂಡು ಸುಮ್ಮನೆ ಕೂರಿ. ಬಾಯಲ್ಲಿ ಏನು ಉಳಿಯಿತು? ಕೈ ತಾನಾಗಿ ಬಟ್ಟಲಿಗೆ ಹೋಯಿತೋ ನೀರಿನ ಲೋಟಕ್ಕೆ ಹೋಯಿತೋ? ಬೆರಳು ನೋಡಿಕೊಳ್ಳಿ, ನೆಕ್ಕಬೇಕು ಅನಿಸಿದರೆ ಒಂದು ಅಂಕ ಕೂಡಿಸಿ, ತೊಳೆಯಬೇಕು ಅನಿಸಿದರೆ ಒಂದು ಕಳೆಯಿರಿ. ನನ್ನ ಹಾಳೆಯಲ್ಲಿ ರುಚಿಯ ಅಂತಿಮ ಸಂಖ್ಯೆ ಬೀಳುವುದು ಇಲ್ಲಿ.

ಒಡೆಯದ ಪ್ಯಾಕೆಟ್

ಈಗ ಎತ್ತಿಟ್ಟ ಎರಡನೆಯದನ್ನು ತನ್ನಿ. "ಬರೀ ಗಾಳಿ ತುಂಬಿದ್ದಾರೆ" ಅನ್ನುವ ದೂರು ಎಲ್ಲರದ್ದೂ, ಅಲ್ವಾ? ಒಳಗಿರುವುದು ಬಹುತೇಕ ನೈಟ್ರೋಜನ್. ಸಾಮಾನ್ಯ ಗಾಳಿಯಲ್ಲಿ 100ಕ್ಕೆ 21 ಭಾಗ ಆಕ್ಸಿಜನ್, ಅದು ಎಣ್ಣೆಯನ್ನು ಕಮಟು ಮಾಡುತ್ತದೆ. ನೈಟ್ರೋಜನ್ ಹಾಗೆ ಮಾಡುವುದಿಲ್ಲ, ಚಿಪ್ಸ್ ಮುರಿಯದಂತೆ ದಿಂಬಿನ ಹಾಗೂ ಇರುತ್ತದೆ. ಹಾಗಾಗಿ ಗಾಳಿಯನ್ನು ಬೈಯುವ ಮೊದಲು ತೂಕ ನೋಡಿ. ಇಡೀ ಪ್ಯಾಕೆಟ್ ತೂಗಿ, ತಿಂದು ಮುಗಿಸಿ ಒರೆಸಿದ ಖಾಲಿ ಪ್ಯಾಕೆಟ್‌ನ ತೂಕ ಕಳೆದರೆ ಒಳಗಿದ್ದದ್ದು ಎಷ್ಟು ಗ್ರಾಂ ಅಂತ ಸಿಗುತ್ತದೆ. ಬರೆದದ್ದಕ್ಕೆ ಸರಿಹೊಂದಬೇಕು. ತೂಕ ಸರಿಯಿದ್ದೂ ಪ್ಯಾಕೆಟ್ ಬೇಕೆಂದೇ ದೊಡ್ಡದು ಮಾಡಿದ್ದಾರೆ ಅನಿಸಿದರೆ ಆಗ ಬೈಯಿರಿ.

ಪ್ಯಾಕೆಟ್ ಮೆಲ್ಲಗೆ ಒತ್ತಿ. ಬಿಗಿಯಾಗಿ ಹಿಂದಕ್ಕೆ ತಳ್ಳಬೇಕು. ಸಪ್ಪಗೆ ಕುಸಿದರೆ ಎಲ್ಲೋ ಸೋರಿಕೆ ಇದೆ. ಅನುಮಾನವಿದ್ದರೆ ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ ಒತ್ತಿ, ಗುಳ್ಳೆ ಎದ್ದರೆ ಖಾತ್ರಿ. ಹೆಚ್ಚಾಗಿ ಸೋರುವುದು ಮೇಲಿನ, ಕೆಳಗಿನ ಅಂಚಿನ ಬೆಸುಗೆಯಲ್ಲಿ, ಅಲ್ಲೊಂದು ಚಿಪ್ಸ್ ಚೂರು ಸಿಕ್ಕಿಹಾಕಿಕೊಂಡಿರುತ್ತದೆ. ಎತ್ತರದ ಬೆಟ್ಟದ ಜಾಗದಲ್ಲಿ ಪ್ಯಾಕೆಟ್ ತಾನಾಗಿ ಉಬ್ಬುತ್ತದೆ, ಅಲ್ಲಿ ಈ ಒತ್ತುವ ಪರೀಕ್ಷೆ ನಂಬಬೇಡಿ.

ತೆರೆಯುವುದಕ್ಕೂ ಮಾರ್ಕ್ಸ್ ಇದೆ. ಎರಡು ಬದಿ ಹಿಡಿದು ಎಳೆದರೆ ಬಾಯಿ ನೇರವಾಗಿ ಬಿಡಬೇಕು. ಹಲ್ಲು ಬೇಕಾಯಿತೋ, ಕತ್ತರಿ ಬೇಕಾಯಿತೋ, ಅಥವಾ ಬುಡದವರೆಗೂ ಹರಿದು ಚಿಪ್ಸ್ ಮಡಿಲಿಗೆ ಬಿತ್ತೋ, ಕಳೆಯಿರಿ. ಬಾಯಿ ಬಿಟ್ಟ ಕೂಡಲೇ ಮೂಗು ಒಳಗಿಡಿ. ನೈಟ್ರೋಜನ್‌ಗೆ ವಾಸನೆ ಇಲ್ಲ, ಆ ಮೊದಲ ಉಸಿರಲ್ಲಿ ಬರುವುದೆಲ್ಲ ಚಿಪ್ಸ್‌ನದೇ. ಈ ಕ್ಷಣ ಒಂದೇ ಸಲ ಸಿಗುವುದು, ಮಾತಾಡುತ್ತಾ ಕಳೆದುಕೊಳ್ಳಬೇಡಿ.

ಪ್ಯಾಕೆಟ್ ಒಳಗಿನ ಬೆಳ್ಳಿ ಹೊಳಪು ಅಲ್ಯೂಮಿನಿಯಂ. ಪ್ಲಾಸ್ಟಿಕ್ ಮೇಲೆ ಬಳಿದ ಆ ಲೇಪ ಕೂದಲಿನ ದಪ್ಪದ ಸಾವಿರದಲ್ಲೊಂದು ಭಾಗದಷ್ಟೂ ಇರುವುದಿಲ್ಲ, ಆದರೂ ಬೆಳಕು, ತೇವ, ಆಕ್ಸಿಜನ್ ಮೂರನ್ನೂ ತಡೆಯುತ್ತದೆ. ಒಳಗೆ ಕಾಣುವ ಪಾರದರ್ಶಕ ಪ್ಯಾಕೆಟ್ ನೋಡಲು ಚೆಂದ, ಆದರೆ ಬೆಳಕು ಎಣ್ಣೆಗೆ ಶತ್ರು. ಹಲವು ಪದರ ಅಂಟಿಸಿದ ಈ ಹಾಳೆಯನ್ನು ಬೇರ್ಪಡಿಸಿ ಮರುಬಳಕೆ ಮಾಡುವುದು ಕಷ್ಟ, ಅದೂ ನಿಜ. 2010ರಲ್ಲಿ ಸನ್‌ಚಿಪ್ಸ್ ಗೊಬ್ಬರವಾಗುವ ಪ್ಯಾಕೆಟ್ ತಂದಿತ್ತು. ಮುಟ್ಟಿದರೆ ಸುಮಾರು 95 ಡೆಸಿಬಲ್ ಸದ್ದು. ಜನ ಕಿವಿ ಮುಚ್ಚಿಕೊಂಡು ದೂರಿದರು, ಅದೇ ವರ್ಷ ಹೆಚ್ಚಿನ ಬಗೆಗಳಿಗೆ ಹಳೆಯ ಪ್ಯಾಕೆಟ್ಟೇ ವಾಪಸ್ ಬಂತು.

ಬಣ್ಣಕ್ಕೆ ಮೋಸ ಹೋಗಬೇಡಿ. ಬ್ರಿಟನ್ನಿನಲ್ಲಿ ಬಹುತೇಕ ಕಂಪನಿಗಳ ಚೀಸ್-ಈರುಳ್ಳಿ ಪ್ಯಾಕೆಟ್ ಹಸಿರು, ವಿನೆಗರ್ ಪ್ಯಾಕೆಟ್ ನೀಲಿ. ವಾಕರ್ಸ್‌ನದು ಮಾತ್ರ ಉಲ್ಟಾ. ರೂಢಿ ಆದವರು ಓದದೆಯೇ ಕೈ ಹಾಕಿ ತಪ್ಪು ಪ್ಯಾಕೆಟ್ ತರುತ್ತಾರೆ.

ಹಿಂಬದಿ ಓದುವಾಗ ಪದಾರ್ಥಗಳ ಪಟ್ಟಿಯಿಂದ ಶುರುಮಾಡಿ. ಅದು ತೂಕದ ಇಳಿಕೆಯ ಕ್ರಮದಲ್ಲಿರುತ್ತದೆ. ಮುಂಬದಿಯ ಚಿತ್ರದಲ್ಲಿ ರಸ ಸುರಿಸುವ ಟೊಮೆಟೊ ಇದ್ದು, ಪಟ್ಟಿಯಲ್ಲಿ ಟೊಮೆಟೊ ಪುಡಿ ಸಕ್ಕರೆಯ ಹಿಂದೆ, ಉಪ್ಪಿನ ಹಿಂದೆ, ಕೊನೆಯ ಸಾಲಿನಲ್ಲಿ ಇಣುಕುತ್ತಿದ್ದರೆ ಚಿತ್ರಕ್ಕೆ ಮಾರ್ಕ್ಸ್ ಇಲ್ಲ. ಉಪ್ಪನ್ನು 100 ಗ್ರಾಂ ಲೆಕ್ಕದಲ್ಲೇ ಹೋಲಿಸಿ, "ಒಂದು ಸರ್ವಿಂಗ್" ಅನ್ನುವುದು ಕಂಪನಿಗೊಂದು ಥರ. ಸೋಡಿಯಂ ಅಂತ ಕೊಟ್ಟಿದ್ದರೆ ಎರಡೂವರೆಯಿಂದ ಗುಣಿಸಿ. 600 ಮಿಲಿಗ್ರಾಂ ಸೋಡಿಯಂ ಅಂದರೆ ಒಂದೂವರೆ ಗ್ರಾಂ ಉಪ್ಪು. ತಾರೀಖು ಬೆರಳಲ್ಲಿ ಉಜ್ಜಿದರೆ ಅಳಿಸಿಹೋಗುತ್ತದಾ, ಅದನ್ನೂ ನೋಡಿ.

ಮಾರ್ಕ್ಸ್ ನಂಬಬಹುದಾ?

100ಕ್ಕೆ ಲೆಕ್ಕ ಹಾಕುವುದಾದರೆ ನಾನು ರುಚಿಗೆ 40, ಗರಿಗೆ 35, ಪ್ಯಾಕೆಟ್‌ಗೆ 15, ನೋಟಕ್ಕೆ 10 ಕೊಡುತ್ತೇನೆ. ನಿಮ್ಮದು ಬೇರೆ ಇರಲಿ, ಆದರೆ ತಿನ್ನುವ ಮೊದಲೇ ಬರೆದಿಡಿ. ಆಮೇಲೆ ಬದಲಾಯಿಸಿದರೆ ನೆಚ್ಚಿನ ಚಿಪ್ಸ್ ಗೆಲ್ಲಿಸಲಿಕ್ಕೆ ಅಂತಲೇ ಅರ್ಥ.

"ಈ ಎರಡರ ವ್ಯತ್ಯಾಸ ನನಗೆ ಕಣ್ಣು ಮುಚ್ಚಿದರೂ ಗೊತ್ತಾಗುತ್ತೆ" ಅನ್ನುವವರಿಗೆ ಮೂರು ಬಟ್ಟಲಿನ ಪರೀಕ್ಷೆ ಕೊಡಿ. ಎರಡರಲ್ಲಿ ಒಂದೇ ಚಿಪ್ಸ್, ಮೂರನೆಯದರಲ್ಲಿ ಬೇರೆ. ಬೇರೆಯದನ್ನು ಗುರುತಿಸಬೇಕು. ಊಹಿಸಿದರೂ ಮೂರಕ್ಕೊಂದು ಸಲ ಸರಿಯಾಗುತ್ತದೆ, ಹಾಗಾಗಿ ಆರು ಸಲ ಮಾಡಿಸಿ. ಐದು ಸಲ ಸರಿ ಹೇಳಿದರೆ ಒಪ್ಪಿಕೊಳ್ಳಿ. ಬರೀ ಊಹೆಯಲ್ಲಿ ಅಷ್ಟು ಸರಿಯಾಗುವುದು 100ಕ್ಕೆ ಎರಡು ಸಲವೂ ಇಲ್ಲ. ನನ್ನ ತಂಗಿ ಈಗಲೂ ಹೇಳದೆ ಕೇಳದೆ ಒಂದು ಬಟ್ಟಲನ್ನು ಎರಡು ಸಲ ಇಡುತ್ತಾಳೆ. ಆ ಎರಡರ ಮಾರ್ಕ್ಸ್ ನಡುವೆ ಒಂದಕ್ಕಿಂತ ಹೆಚ್ಚು ಅಂತರ ಬಂದರೆ ಆವತ್ತಿನ ಹಾಳೆ ಹರಿದು ಹಾಕುವುದು ಅಂತ ಒಪ್ಪಂದ. ಕಳೆದ ನಾಲ್ಕು ಸಲದಲ್ಲಿ ಒಮ್ಮೆ ಹರಿದಿದ್ದೇವೆ.

ಉಳಿದ ಚಿಪ್ಸ್ ಎಸೆಯಬೇಡಿ. ಪ್ಯಾಕೆಟ್ ಒಳಗಿನ ಗಾಳಿ ಹೊರಗೊತ್ತಿ, ಬಾಯಿ ಎರಡು ಮೂರು ಮಡಿಕೆ ಸುತ್ತಿ, ಕ್ಲಿಪ್ ಹಾಕಿ ರಾತ್ರಿ ಇಡಿ. ಬೆಳಿಗ್ಗೆ ಎದ್ದು ಒಂದೊಂದು ಬಗ್ಗಿಸಿ ನೋಡಿ. ಕೆಲವು ಇನ್ನೂ "ಟಪ್" ಅನ್ನುತ್ತವೆ. ಕೆಲವು ಬಾಗುತ್ತವೆ. ಬಾಗಿದ್ದನ್ನು ಓವನ್ನಿನಲ್ಲಿ ನಾಲ್ಕೈದು ನಿಮಿಷ ಬಿಸಿ ಮಾಡಿ ಆರಿಸಿದರೆ ಗರಿ ಮರಳುತ್ತದೆ, ಪರಿಮಳ ಮಾತ್ರ ಅರ್ಧವೂ ಮರಳುವುದಿಲ್ಲ. ಹಿಂದಿನ ದಿನದ ಹಾಳೆಯಲ್ಲಿ ಮೇಲಿದ್ದದ್ದು ಈ ಬೆಳಗಿನ ಪರೀಕ್ಷೆಯಲ್ಲಿ ಕೆಳಗಿಳಿಯುವುದು ಎಷ್ಟೋ ಸಲ ಆಗಿದೆ. ಒಂದೇ ಸಲಕ್ಕೆ ಪ್ಯಾಕೆಟ್ ಮುಗಿಸುವವರು ಈ ಹೆಜ್ಜೆ ಬಿಟ್ಟುಬಿಡಬಹುದು.